ಒಂದೇ ಪರದೆ, ಹಲವು ಮೇಜು: ವರ್ಕ್‌ಸ್ಪೇಸ್ ಕುರಿತು ಓದುಗರ ಪ್ರಶ್ನೆಗಳು

ಕಂಪ್ಯೂಟರಿನ ಒಂದೇ ಪರದೆಯನ್ನು ಹಲವು ಮೇಜುಗಳಂತೆ ಬಳಸುವ ಸೌಲಭ್ಯವನ್ನು ಲಿನಕ್ಸ್ ಬಳಸುವವರು ವರ್ಕ್‌ಸ್ಪೇಸ್ ಎಂದೂ, ವಿಂಡೋಸ್ ಬಳಸುವವರು ಡೆಸ್ಕ್‌ಟಾಪ್ ಎಂದೂ, ಮ್ಯಾಕ್ ಬಳಸುವವರು ಸ್ಪೇಸ್ ಎಂದೂ ಕರೆಯುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು, ತೆರೆದ ವಿಂಡೋಗಳನ್ನು ಅತ್ತಿತ್ತ ಸಾಗಿಸಲು ಪ್ರತಿಯೊಂದು ವ್ಯವಸ್ಥೆಯಲ್ಲೂ ಒಂದು ನಿಯಂತ್ರಣ ಸಾಧನವಿದೆ. ಅದನ್ನು ತಮ್ಮ ಕೆಲಸದ ರೀತಿಗೆ ಹೊಂದಿಸಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವಿಂಡೋಸ್ 11ರಲ್ಲಿ ನಾಲ್ಕು ಡೆಸ್ಕ್‌ಟಾಪ್‌ಗಳನ್ನು ಮಾಡಿ, ಒಂದರಲ್ಲಿ ಬ್ರೌಸರ್, ಇನ್ನೊಂದರಲ್ಲಿ ಸ್ಪ್ರೆಡ್‌ಶೀಟ್, ಮೂರನೆಯದರಲ್ಲಿ ಇಮೇಲ್, ನಾಲ್ಕನೆಯದರಲ್ಲಿ ಪಿಡಿಎಫ್ ಕಡತಗಳನ್ನು ಇಟ್ಟಿದ್ದೇನೆ. ನೋಡಲು ಅಚ್ಚುಕಟ್ಟಾಗಿದ್ದರೂ ಮೊದಲಿಗಿಂತ ಹೆಚ್ಚು ಅಲೆದಾಡುತ್ತಿದ್ದೇನೆ ಅನಿಸುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ತೊಡಕು ನಿಯಂತ್ರಣ ಸಾಧನದಲ್ಲಿಲ್ಲ, ವಿಂಗಡಣೆಯಲ್ಲಿದೆ. ನೀವು ತಂತ್ರಾಂಶಗಳನ್ನು ವಿಂಗಡಿಸಿದ್ದೀರಿ, ಕೆಲಸಗಳನ್ನು ವಿಂಗಡಿಸಿಲ್ಲ. ಒಂದು ಬಿಲ್ಲನ್ನು ಪರಿಶೀಲಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಬಿಲ್ಲು ಇಮೇಲ್‌ನಲ್ಲಿ ಬಂದಿರುತ್ತದೆ, ಅದರ ಪ್ರತಿ ಪಿಡಿಎಫ್ ಆಗಿ ತೆರೆದುಕೊಳ್ಳುತ್ತದೆ, ಮೊತ್ತವನ್ನು ಸ್ಪ್ರೆಡ್‌ಶೀಟಿನೊಂದಿಗೆ ತಾಳೆ ನೋಡಬೇಕು, ಪಾವತಿಯಾಗಿದೆಯೇ ಎಂದು ಬ್ರೌಸರಿನಲ್ಲಿ ಬ್ಯಾಂಕಿನ ಖಾತೆ ತೆರೆದು ನೋಡಬೇಕು. ಹೀಗೆ ಒಂದೇ ಬಿಲ್ಲಿಗಾಗಿ ನೀವು ನಾಲ್ಕೂ ಡೆಸ್ಕ್‌ಟಾಪ್‌ಗಳನ್ನು ಸುತ್ತಿ ಬರುತ್ತಿದ್ದೀರಿ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕಾದ ಎರಡು ವಿಂಡೋಗಳು ಬೇರೆ ಬೇರೆ ಡೆಸ್ಕ್‌ಟಾಪ್‌ಗಳಲ್ಲಿದ್ದರೆ, ಅಂಕಿಗಳನ್ನು ತಲೆಯಲ್ಲಿ ಹೊತ್ತುಕೊಂಡೇ ಓಡಾಡಬೇಕಾಗುತ್ತದೆ. ಲೆಕ್ಕದಲ್ಲಿ ತಪ್ಪು ನುಸುಳುವುದು ಅಂಥ ಹೊತ್ತಿನಲ್ಲಿಯೇ.

ಈ ಸೌಲಭ್ಯದ ಹಿಂದಿರುವ ಮೂಲ ಆಲೋಚನೆಯನ್ನು ತಿಳಿದರೆ ವಿಂಗಡಣೆಯ ದಾರಿ ತಾನಾಗಿಯೇ ಕಾಣುತ್ತದೆ. 1986ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಅವರು 'ರೂಮ್ಸ್', ಅಂದರೆ ಕೋಣೆಗಳು ಎಂಬ ಹೆಸರಿನ ವ್ಯವಸ್ಥೆಯನ್ನು ವಿವರಿಸಿದರು. ಸಣ್ಣ ಪರದೆಯಲ್ಲಿ ಹಲವಾರು ವಿಂಡೋಗಳನ್ನು ತೆರೆದುಕೊಂಡವರು ಕೆಲಸಕ್ಕಿಂತ ಹೆಚ್ಚಾಗಿ ವಿಂಡೋಗಳನ್ನು ಸರಿಸುವುದರಲ್ಲಿ, ಹುಡುಕುವುದರಲ್ಲಿ, ಒಂದರ ಮೇಲಿರುವ ಇನ್ನೊಂದನ್ನು ಬದಿಗಿಡುವುದರಲ್ಲಿ ಹೊತ್ತು ಕಳೆಯುತ್ತಾರೆ ಎಂಬುದು ಅವರು ಎತ್ತಿಕೊಂಡ ಸಮಸ್ಯೆ. ಇದನ್ನು ಅವರು ಕಂಪ್ಯೂಟರಿನ ಸ್ಮರಣೆ ಅಥವಾ ಮೆಮೊರಿಯ ನಿರ್ವಹಣೆಗೆ ಹೋಲಿಸಿದರು. ಯಾವುದೇ ಕ್ಷಣದಲ್ಲಿ ಒಂದು ಪ್ರೋಗ್ರಾಮಿಗೆ ತನ್ನ ಮಾಹಿತಿಯ ಒಂದು ಸಣ್ಣ ಭಾಗ ಮಾತ್ರ ಮತ್ತೆ ಮತ್ತೆ ಬೇಕಾಗುತ್ತದೆ. ಆ ಭಾಗವೆಲ್ಲ ಒಟ್ಟಿಗೆ ಮೆಮೊರಿಯಲ್ಲಿದ್ದರೆ ಕೆಲಸ ಸರಾಗವಾಗಿ ಸಾಗುತ್ತದೆ. ಇಲ್ಲದಿದ್ದರೆ ಯಂತ್ರವು ತುಣುಕುಗಳನ್ನು ಒಳಗೆ ತರುವುದು, ಹೊರಗೆ ಹಾಕುವುದು ಇದರಲ್ಲಿಯೇ ಸೋತು ಹೋಗುತ್ತದೆ. ಮನುಷ್ಯರ ವಿಂಡೋಗಳ ಬಳಕೆಯೂ ಹೀಗೆಯೇ ಗುಂಪು ಗುಂಪಾಗಿ ನಡೆಯುತ್ತದೆ, ಒಂದು ಕೆಲಸಕ್ಕೆ ಒಟ್ಟಿಗೆ ಬೇಕಾಗುವ ವಿಂಡೋಗಳು ಒಂದೇ ಕೋಣೆಯಲ್ಲಿರಬೇಕು ಎಂದು ಅವರು ತೋರಿಸಿದರು. ವರ್ಕ್‌ಸ್ಪೇಸ್ ಎಂದರೆ ಆ ಗುಂಪಿಗೆ ಒದಗಿಸಿದ ಮನೆ.

ಆದ್ದರಿಂದ ಮೊದಲು ಕಾಗದದ ಮೇಲೆ ನಿಮ್ಮ ಎರಡು ದಿನಗಳ ಕೆಲಸವನ್ನು ಬರೆದುಕೊಳ್ಳಿ. 'ಬಿಲ್ಲು ಪರಿಶೀಲನೆ', 'ತಿಂಗಳ ವರದಿ', 'ಪತ್ರವ್ಯವಹಾರ' ಎಂಬ ಮೂರು ಕೆಲಸಗಳು ಮೇಲೆದ್ದು ಕಂಡರೆ ಡೆಸ್ಕ್‌ಟಾಪ್‌ಗಳೂ ಮೂರೇ ಸಾಕು. ವಿಂಡೋಸ್ ಕೀಲಿಯೊಂದಿಗೆ ಟ್ಯಾಬ್ ಒತ್ತಿದರೆ ಟಾಸ್ಕ್ ವ್ಯೂ ತೆರೆಯುತ್ತದೆ. ಅಲ್ಲಿ ಪ್ರತಿ ಡೆಸ್ಕ್‌ಟಾಪಿನ ಹೆಸರಿನ ಮೇಲೆ ಕ್ಲಿಕ್ ಮಾಡಿ ಈ ಹೆಸರುಗಳನ್ನು ಕೊಡಿ. ಬಲ ಕ್ಲಿಕ್ ಮಾಡಿ ಪ್ರತಿಯೊಂದಕ್ಕೂ ಬೇರೆ ಹಿನ್ನೆಲೆ ಚಿತ್ರ ಹಾಕಿ. ಹಿನ್ನೆಲೆ ಚಿತ್ರ ಅಲಂಕಾರಕ್ಕಲ್ಲ. ನೀವು ಎಲ್ಲಿದ್ದೀರಿ ಎಂದು ಓದದೆಯೇ ತಿಳಿಸುವ ಗುರುತು ಅದು. ವಿಂಡೋದ ಸಣ್ಣ ಚಿತ್ರವನ್ನು ಅಲ್ಲಿಯೇ ಎಳೆದು ಬೇರೆ ಡೆಸ್ಕ್‌ಟಾಪಿನ ಮೇಲೆ ಬಿಟ್ಟರೆ ಅದು ಅಲ್ಲಿಗೆ ಹೋಗುತ್ತದೆ.

ಬ್ರೌಸರ್ ಎಲ್ಲ ಕೆಲಸಕ್ಕೂ ಬೇಕಲ್ಲ ಎಂದು ನೀವು ಕೇಳಬಹುದು. ಬ್ರೌಸರ್ ಒಂದೇ ಆದರೂ ಅದರ ವಿಂಡೋಗಳು ಹಲವಿರಬಹುದು. ಬಿಲ್ಲಿನ ಕೆಲಸಕ್ಕೆ ಒಂದು ವಿಂಡೋ, ವರದಿಗೆ ಇನ್ನೊಂದು ವಿಂಡೋ ತೆರೆದು ಆಯಾ ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಳ್ಳಿ. ಕ್ರೋಮ್‌ನಲ್ಲಿ ಪ್ರತಿ ವಿಂಡೋಗೆ ಹೆಸರು ಕೊಡುವ ಅನುಕೂಲವೂ ಇದೆ. ಸ್ಪ್ರೆಡ್‌ಶೀಟಿನ ಕಡತಗಳನ್ನೂ ಇದೇ ರೀತಿ ಹಂಚಿ. ಇಮೇಲ್ ಮಾತ್ರ ಒಂದು ಅಪವಾದ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಬಂದ ಪತ್ರಗಳನ್ನು ಓದಿ ಉತ್ತರಿಸುವುದು ಅದರಷ್ಟಕ್ಕೆ ಒಂದು ಕೆಲಸ; ಅದಕ್ಕೆ ತನ್ನದೇ ಡೆಸ್ಕ್‌ಟಾಪ್ ಇರುವುದು ನ್ಯಾಯ. ಬೇಕಾದ ಒಂದು ಪತ್ರವನ್ನು ಬೇರೆ ವಿಂಡೋದಲ್ಲಿ ತೆರೆದು ಬಿಲ್ಲಿನ ಡೆಸ್ಕ್‌ಟಾಪಿಗೆ ಕಳುಹಿಸಿದರಾಯಿತು.

ಕೊನೆಯದಾಗಿ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಮಲ್ಟಿಟಾಸ್ಕಿಂಗ್ ಪುಟವನ್ನು ತೆರೆಯಿರಿ. ಟಾಸ್ಕ್‌ಬಾರ್‌ನಲ್ಲಿ ಮತ್ತು ಆಲ್ಟ್-ಟ್ಯಾಬ್ ಒತ್ತಿದಾಗ ಎಲ್ಲ ಡೆಸ್ಕ್‌ಟಾಪ್‌ಗಳ ವಿಂಡೋಗಳನ್ನು ತೋರಿಸಬೇಕೇ, ಈಗ ಬಳಸುತ್ತಿರುವ ಡೆಸ್ಕ್‌ಟಾಪಿನವನ್ನು ಮಾತ್ರ ತೋರಿಸಬೇಕೇ ಎಂಬ ಎರಡು ಆಯ್ಕೆಗಳು ಅಲ್ಲಿವೆ. ಎರಡನ್ನೂ ಈಗಿನ ಡೆಸ್ಕ್‌ಟಾಪಿಗೆ ಸೀಮಿತಗೊಳಿಸಿ. ಅವು ಎಲ್ಲವನ್ನೂ ತೋರಿಸುವಂತಿದ್ದರೆ ಗೋಡೆ ಕಟ್ಟಿ ಬಾಗಿಲುಗಳನ್ನೆಲ್ಲ ತೆರೆದಿಟ್ಟಂತಾಗುತ್ತದೆ.

ಪ್ರಶ್ನೆ: ನಾನು ತಂತ್ರಾಂಶ ಬರೆಯುವವನು, ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯನ್ನು ಬಳಸುತ್ತೇನೆ. ಬೆಳಿಗ್ಗೆ ಎರಡನೆಯ ವರ್ಕ್‌ಸ್ಪೇಸಿನಲ್ಲಿ ಇಟ್ಟ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ವಿಂಡೋ) ಮಧ್ಯಾಹ್ನದ ಹೊತ್ತಿಗೆ ಒಂದನೆಯದರಲ್ಲಿ ಇರುತ್ತದೆ. ಕಣ್ಣು ಹಾಯಿಸದೆ ನೇರವಾಗಿ ಅಲ್ಲಿಗೆ ಹೋಗಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಗ್ನೋಮ್ ತನ್ನ ಮೂರನೆಯ ಆವೃತ್ತಿಯಿಂದ, ಅಂದರೆ 2011ರಿಂದ, ಬೇಕಾದಂತೆ ಹುಟ್ಟಿ ಅಳಿಯುವ ವರ್ಕ್‌ಸ್ಪೇಸ್‌ಗಳನ್ನು ಬಳಸುತ್ತಿದೆ. ಕೊನೆಯಲ್ಲಿ ಯಾವಾಗಲೂ ಒಂದು ಖಾಲಿ ವರ್ಕ್‌ಸ್ಪೇಸ್ ಇರುತ್ತದೆ. ಅದರಲ್ಲಿ ಏನನ್ನಾದರೂ ತೆರೆದರೆ ಮುಂದೆ ಇನ್ನೊಂದು ಖಾಲಿ ಸೇರುತ್ತದೆ. ನಡುವಿನ ಒಂದು ಬರಿದಾದರೆ ಅದು ಮಾಯವಾಗಿ ಅದರ ಮುಂದಿನವೆಲ್ಲ ಒಂದು ಸ್ಥಾನ ಹಿಂದೆ ಸರಿಯುತ್ತವೆ. ನಿಮ್ಮ ಟರ್ಮಿನಲ್ ಸರಿದದ್ದಕ್ಕೆ ಕಾರಣ ಇದೇ.

ಇಲ್ಲಿ ಎರಡು ಬಗೆಯ ನೆನಪನ್ನು ಬೇರ್ಪಡಿಸಿ ನೋಡಬೇಕು. ಕೆಲವರು ವಸ್ತುವನ್ನು ಅದಿರುವ ಜಾಗದಿಂದ ನೆನಪಿಡುತ್ತಾರೆ. ಟರ್ಮಿನಲ್ ಎಂದರೆ 'ಎರಡು', ಕೋಡ್ ಎಂದರೆ 'ಒಂದು' ಎಂದು ಬೆರಳಿಗೇ ಗೊತ್ತಿರುತ್ತದೆ. ಇನ್ನು ಕೆಲವರು ಕೆಲಸ ಬಂದ ಅನುಕ್ರಮದಿಂದ ನೆನಪಿಡುತ್ತಾರೆ. ಈಗ ಮಾಡುತ್ತಿರುವುದು, ಅದಕ್ಕೆ ಮುಂಚಿನದು, ಅದರ ಹಿಂದಿನದು ಎಂದು. ಹುಟ್ಟಿ ಅಳಿಯುವ ವರ್ಕ್‌ಸ್ಪೇಸ್‌ಗಳು ಎರಡನೆಯ ಬಗೆಯವರಿಗೆ ಬಹಳ ಹಿತ. ನಿಮ್ಮ ಪ್ರಶ್ನೆಯಿಂದ ನೀವು ಮೊದಲನೆಯ ಬಗೆಯವರೆಂದು ತಿಳಿಯುತ್ತದೆ. ನಿಮಗೆ ಅಲುಗಾಡದ ಜಾಗಗಳು ಬೇಕು. ಸೆಟ್ಟಿಂಗ್ಸ್‌ನ ಮಲ್ಟಿಟಾಸ್ಕಿಂಗ್ ಪುಟದಲ್ಲಿ ನಿಗದಿತ ಸಂಖ್ಯೆಯ ವರ್ಕ್‌ಸ್ಪೇಸ್‌ಗಳನ್ನು ಆರಿಸಿ, ಸಂಖ್ಯೆಯನ್ನು ನಾಲ್ಕು ಎಂದು ಇಡಿ. ಅನಂತರ ಕೀಬೋರ್ಡಿನ ಶಾರ್ಟ್‌ಕಟ್‌ಗಳ ಪಟ್ಟಿಯಲ್ಲಿ ಒಂದರಿಂದ ನಾಲ್ಕರವರೆಗಿನ ವರ್ಕ್‌ಸ್ಪೇಸಿಗೆ ನೇರವಾಗಿ ಹೋಗಲು, ವಿಂಡೋವನ್ನು ನೇರವಾಗಿ ಅಲ್ಲಿಗೆ ಕಳುಹಿಸಲು ಬೇರೆ ಬೇರೆ ಕೀಲಿಗಳನ್ನು ಹೊಂದಿಸಿ. ಸೂಪರ್ ಕೀಲಿಯೊಂದಿಗೆ (ವಿಂಡೋಸ್ ಗುರುತಿರುವ ಕೀಲಿ) ಬರಿಯ ಅಂಕಿಯನ್ನು ಕೊಡಬೇಡಿ, ಏಕೆಂದರೆ ಗ್ನೋಮ್ ಆ ಜೋಡಿಗಳನ್ನು ಡ್ಯಾಶ್ ಎಂಬ ಗುರುತುಗಳ ಪಟ್ಟಿಯಲ್ಲಿರುವ ತಂತ್ರಾಂಶಗಳನ್ನು ತೆರೆಯಲು ಬಳಸುತ್ತದೆ. ಸೂಪರ್, ಆಲ್ಟ್ ಮತ್ತು ಅಂಕಿ ಸೇರಿದ ಜೋಡಿ ನಾಲ್ಕು ಜಾಗಗಳಿಗೆ ಸಾಕಾಗುತ್ತದೆ.

ಇದೇ ದೂರನ್ನು ಮ್ಯಾಕ್ ಬಳಸುವ ಓದುಗರೂ ಬರೆದಿದ್ದಾರೆ. ಅಲ್ಲಿ ಇತ್ತೀಚೆಗೆ ಬಳಸಿದ ಸ್ಪೇಸ್ ಮುಂದಕ್ಕೆ ಬರುವಂತೆ ಸಾಲನ್ನು ತಾನಾಗಿಯೇ ಮರುಜೋಡಿಸುವ ಆಯ್ಕೆಯೊಂದು ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಡೆಸ್ಕ್‌ಟಾಪ್ ಮತ್ತು ಡಾಕ್ ಪುಟದ ಮಿಷನ್ ಕಂಟ್ರೋಲ್ ಭಾಗದಲ್ಲಿ ಅದನ್ನು ತೆಗೆದುಬಿಡಿ. ಜಾಗದಿಂದ ನೆನಪಿಡುವವರಿಗೆ ಅದರಷ್ಟು ತೊಂದರೆ ಕೊಡುವ ಆಯ್ಕೆ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಅಂಕಿಯಿಂದ ನೇರವಾಗಿ ಹೋಗುವ ಕಂಟ್ರೋಲ್-1, ಕಂಟ್ರೋಲ್-2 ಮುಂತಾದವನ್ನು ಮ್ಯಾಕ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳಲ್ಲಿ ಗುರುತು ಹಾಕಿ ಚಾಲೂ ಮಾಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಪಕ್ಕದ ಡೆಸ್ಕ್‌ಟಾಪಿಗೆ ಹೋಗಲು ವಿಂಡೋಸ್ ಕೀಲಿ, ಕಂಟ್ರೋಲ್ ಮತ್ತು ಬಾಣದ ಕೀಲಿಗಳಿವೆ. ಇಂತಿಷ್ಟನೆಯದಕ್ಕೆ ನೇರವಾಗಿ ಹೋಗುವ ಕೀಲಿಯನ್ನು ಅದು ಕೊಟ್ಟಿಲ್ಲವಾದ್ದರಿಂದ ಅಲ್ಲಿ ಸಂಖ್ಯೆಯನ್ನು ಮೂರು ನಾಲ್ಕಕ್ಕೆ ಮೀರಿಸದಿರುವುದು ಒಳ್ಳೆಯದು. ಲಿನಕ್ಸ್‌ನ ಇನ್ನೆರಡು ಡೆಸ್ಕ್‌ಟಾಪ್ ವ್ಯವಸ್ಥೆಗಳಾದ ಕೆಡಿಇ ಮತ್ತು ಎಕ್ಸ್‌ಎಫ್‌ಸಿಇಗಳಲ್ಲಿ ಕಂಟ್ರೋಲ್-ಎಫ್1, ಕಂಟ್ರೋಲ್-ಎಫ್2 ಎಂದು ಮೊದಲೇ ಹೊಂದಿಸಿರುತ್ತಾರೆ. ವಿಂಡೋಗಳನ್ನು ಹೆಂಚುಗಳಂತೆ ಪಕ್ಕಪಕ್ಕ ಜೋಡಿಸುವ, ಐತ್ರಿಯಂಥ (i3) ಟೈಲಿಂಗ್ ವಿಂಡೋ ಮ್ಯಾನೇಜರ್‌ಗಳಲ್ಲಿ ವರ್ಕ್‌ಸ್ಪೇಸಿಗೆ ಅಂಕಿಯೇ ಹೆಸರು. ಹತ್ತು ಅಂಕಿಗಳಿಗೆ ಹತ್ತು ಕೀಲಿಗಳು ಸಿದ್ಧವಾಗಿಯೇ ಇರುತ್ತವೆ, ಮತ್ತು ಯಾವ ತಂತ್ರಾಂಶ ಎಲ್ಲಿ ತೆರೆಯಬೇಕೆಂದು ಸಂರಚನಾ ಕಡತದಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು.

ಪ್ರಶ್ನೆ: ಎಕ್ಸ್‌ಎಫ್‌ಸಿಇ ಬಳಸುತ್ತಿದ್ದೇನೆ. ಮೌಸಿನ ಚಕ್ರ ತಿರುಗಿಸಿದಾಗ ಕೆಲವೊಮ್ಮೆ ಇದ್ದಕ್ಕಿದ್ದಂತೆ ಬೇರೆ ವರ್ಕ್‌ಸ್ಪೇಸ್ ಬಂದುಬಿಡುತ್ತದೆ. ಇನ್ನು ಕೆಲವೊಮ್ಮೆ ಯಾವುದೋ ವಿಂಡೋ ತಾನಾಗಿಯೇ ಮುಂದೆ ಬಂದು ನನ್ನನ್ನೂ ಅದರ ಜಾಗಕ್ಕೆ ಎಳೆದುಕೊಂಡು ಹೋಗುತ್ತದೆ.

ಉತ್ತರ: ನಿಮ್ಮದು ಚಿತ್ರ ಬಿಡಿಸುವ ಕೆಲಸವೆಂದು ಪತ್ರದಲ್ಲಿ ಬರೆದಿದ್ದೀರಿ. ಮೌಸನ್ನು ಇಷ್ಟು ಬಳಸುವವರಿಗೆ ಈ ತೊಂದರೆ ಹೆಚ್ಚು. ಎಕ್ಸ್‌ಎಫ್‌ಸಿಇಯಲ್ಲಿ ಖಾಲಿ ಡೆಸ್ಕ್‌ಟಾಪಿನ ಮೇಲೆ ಚಕ್ರ ತಿರುಗಿಸಿದರೆ ವರ್ಕ್‌ಸ್ಪೇಸ್ ಬದಲಾಗುತ್ತದೆ. ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು ವರ್ಕ್‌ಸ್ಪೇಸ್‌ಗಳ ಪುಟದಲ್ಲಿ ಆ ಆಯ್ಕೆಯ ಗುರುತನ್ನು ತೆಗೆಯಿರಿ. ಪ್ಯಾನೆಲ್‌ನಲ್ಲಿರುವ ವರ್ಕ್‌ಸ್ಪೇಸ್ ಸ್ವಿಚರಿಗೂ ಇಂಥದೇ ಪ್ರತ್ಯೇಕ ಆಯ್ಕೆಯಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಏಕೆಂದರೆ ಆ ಸಣ್ಣ ಜಾಗದ ಮೇಲೆ ಚಕ್ರ ತಿರುಗಿಸುವುದು ಉದ್ದೇಶಪೂರ್ವಕವಾಗಿಯೇ ಆಗಿರುತ್ತದೆ. ವಿಂಡೋ ಮ್ಯಾನೇಜರಿನ ಸುಧಾರಿತ ಆಯ್ಕೆಗಳಲ್ಲಿ ಮೌಸಿನ ಗುರುತು ಪರದೆಯ ಅಂಚಿಗೆ ತಾಗಿದಾಗ ಮುಂದಿನ ವರ್ಕ್‌ಸ್ಪೇಸಿಗೆ ದಾಟುವುದು, ವಿಂಡೋವನ್ನು ಅಂಚಿಗೆ ಎಳೆದಾಗ ದಾಟುವುದು ಎಂಬ ಎರಡು ಬೇರೆ ಬೇರೆ ಆಯ್ಕೆಗಳಿವೆ. ಕುಂಚದ ಗೆರೆ ಪರದೆಯ ಅಂಚಿನವರೆಗೂ ಹೋಗಬಹುದಾದ್ದರಿಂದ ಮೊದಲನೆಯದನ್ನು ತೆಗೆಯಿರಿ, ಎರಡನೆಯದನ್ನು ಇಟ್ಟುಕೊಳ್ಳಿ.

ತಾನಾಗಿ ಎಳೆದುಕೊಂಡು ಹೋಗುವ ವಿಂಡೋಗೂ ಮದ್ದಿದೆ. ಅದೇ ಟ್ವೀಕ್ಸ್‌ನ ಫೋಕಸ್ ಪುಟದಲ್ಲಿ, ವಿಂಡೋವೊಂದು ತನ್ನನ್ನು ತಾನೇ ಮುಂದೆ ತಂದುಕೊಂಡಾಗ ಏನಾಗಬೇಕು ಎಂದು ಕೇಳುವ ಮೂರು ಆಯ್ಕೆಗಳಿವೆ: ಆ ವಿಂಡೋವನ್ನು ನೀವಿರುವಲ್ಲಿಗೆ ತರುವುದು, ನಿಮ್ಮನ್ನು ಅದಿರುವಲ್ಲಿಗೆ ಒಯ್ಯುವುದು, ಏನೂ ಮಾಡದಿರುವುದು. ಮನಸ್ಸಿಟ್ಟು ಚಿತ್ರ ಬಿಡಿಸುವವರು ಮೂರನೆಯದನ್ನು ಆರಿಸುವುದೇ ಸರಿ. ಮ್ಯಾಕ್‌ನಲ್ಲಿಯೂ ತಂತ್ರಾಂಶವನ್ನು ಆರಿಸಿದ ಕೂಡಲೇ ಅದರ ವಿಂಡೋ ಇರುವ ಸ್ಪೇಸಿಗೆ ಹಾರುವ ಆಯ್ಕೆಯೊಂದಿದ್ದು, ಬೇಡವೆನಿಸಿದರೆ ಅದನ್ನು ತೆಗೆಯಬಹುದು.

ಪ್ರಶ್ನೆ: ನಾನು ಅನುವಾದಕಿ. ಕೆಡಿಇಯಲ್ಲಿ ಎರಡು ಪುಸ್ತಕಗಳ ಕೆಲಸವನ್ನು ಎರಡು ಡೆಸ್ಕ್‌ಟಾಪ್‌ಗಳಲ್ಲಿ ಇಟ್ಟಿದ್ದೇನೆ. ನಿಘಂಟು ಎರಡರಲ್ಲೂ ಬೇಕು. ಎರಡು ಸಲ ತೆರೆಯಬೇಕೇ?

ಉತ್ತರ: ಬೇಕಿಲ್ಲ. ಮೇಲೆ ಹೇಳಿದ ರೂಮ್ಸ್ ವ್ಯವಸ್ಥೆಯಲ್ಲಿಯೇ ಇದಕ್ಕೊಂದು ಸೊಗಸಾದ ಕಲ್ಪನೆಯಿತ್ತು. ಕೋಣೆಯಿಂದ ಕೋಣೆಗೆ ಹೋಗುವಾಗ ಜೊತೆಯಲ್ಲಿಯೇ ಬರುವ ವಿಂಡೋಗಳನ್ನು ಇಡುವ ಜಾಗಕ್ಕೆ ಅವರು 'ಜೇಬು' ಎಂಬ ಹೆಸರನ್ನು ಕೊಟ್ಟಿದ್ದರು. ನಿಮ್ಮ ನಿಘಂಟು ಜೇಬಿನಲ್ಲಿರಬೇಕಾದ ವಸ್ತು. ಅದರ ಶೀರ್ಷಿಕೆ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಡೆಸ್ಕ್‌ಟಾಪ್‌ಗಳ ಪಟ್ಟಿಯಲ್ಲಿ ಎಲ್ಲವನ್ನೂ ಆರಿಸಿದರೆ ಅದು ಎಲ್ಲೆಡೆ ಕಾಣುತ್ತದೆ. ವೇಲ್ಯಾಂಡ್ (ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಯ ಮೇಲೆ ಮೂಡಿಸುವ ಹೊಸ ಪದ್ಧತಿ) ಬಳಸುತ್ತಿದ್ದರೆ ಎಲ್ಲವನ್ನೂ ಆರಿಸದೆ ನಿಮಗೆ ಬೇಕಾದ ಎರಡನ್ನು ಮಾತ್ರ ಗುರುತು ಮಾಡಲೂ ಬರುತ್ತದೆ. ಆಗ ಪತ್ರವ್ಯವಹಾರದ ಡೆಸ್ಕ್‌ಟಾಪಿನಲ್ಲಿ ನಿಘಂಟು ಅಡ್ಡ ಬರುವುದಿಲ್ಲ. ಪ್ರತಿದಿನ ಹೀಗೆ ಮಾಡುವ ಬದಲು ವಿಂಡೋ ನಿಯಮಗಳಲ್ಲಿ ಆ ತಂತ್ರಾಂಶಕ್ಕೆ ಒಮ್ಮೆ ಬರೆದಿಟ್ಟರೆ ತೆರೆದಾಗಲೆಲ್ಲ ಅದು ಪಾಲನೆಯಾಗುತ್ತದೆ. ವಿಂಡೋಸ್‌ನವರು ಟಾಸ್ಕ್ ವ್ಯೂನಲ್ಲಿ ವಿಂಡೋದ ಮೇಲೆ ಬಲ ಕ್ಲಿಕ್ ಮಾಡಿಯೂ, ಮ್ಯಾಕ್‌ನವರು ಡಾಕ್‌ನಲ್ಲಿರುವ ಗುರುತಿನ ಆಯ್ಕೆಗಳಿಂದಲೂ ಇದನ್ನೇ ಮಾಡಬಹುದು.

ಜೇಬನ್ನು ತುಂಬಿಸಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ನಿಘಂಟಿನ ಜೊತೆಗೆ ಸಂಗೀತ, ಹರಟೆ, ಟಿಪ್ಪಣಿ ಎಂದು ನಾಲ್ಕೈದು ಸೇರಿಕೊಂಡರೆ ಪ್ರತಿ ಡೆಸ್ಕ್‌ಟಾಪೂ ಮತ್ತೆ ಒಂದೇ ರೀತಿ ಕಾಣತೊಡಗುತ್ತದೆ.

ಪ್ರಶ್ನೆ: ಹಗಲಿನಲ್ಲಿ ಕಚೇರಿಯ ಕೆಲಸ, ಸಂಜೆ ನನ್ನ ಸಂಶೋಧನಾ ಪ್ರಬಂಧ. ಎರಡೂ ಒಂದೇ ಕಂಪ್ಯೂಟರಿನಲ್ಲಿ. ಕೆಡಿಇಯಲ್ಲಿ ಎಂಟು ಡೆಸ್ಕ್‌ಟಾಪ್‌ಗಳಿವೆ. ಆದರೂ ಒಂದರ ಕಡತ ಇನ್ನೊಂದರ ನಡುವೆ ನುಸುಳುತ್ತದೆ.

ಉತ್ತರ: ನಿಮಗೆ ಇನ್ನಷ್ಟು ಡೆಸ್ಕ್‌ಟಾಪ್‌ಗಳಲ್ಲ, ಕೆಡಿಇಯ ಆಕ್ಟಿವಿಟಿ ಎಂಬ ಇನ್ನೊಂದು ಸ್ತರ ಬೇಕು. ಡೆಸ್ಕ್‌ಟಾಪ್ ಒಂದು ಮೇಜಾದರೆ ಆಕ್ಟಿವಿಟಿ ಬೇರೆಯದೇ ಮನೆ. ಪ್ರತಿ ಆಕ್ಟಿವಿಟಿಗೂ ತನ್ನದೇ ಹಿನ್ನೆಲೆ, ಡೆಸ್ಕ್‌ಟಾಪಿನ ಮೇಲೆ ತನ್ನದೇ ವಿಜೆಟ್‌ಗಳು (ಗಡಿಯಾರದಂಥ ಸಣ್ಣ ಸಾಧನಗಳು) ಇರುತ್ತವೆ. ಕಚೇರಿಗೊಂದು, ಪ್ರಬಂಧಕ್ಕೊಂದು ಆಕ್ಟಿವಿಟಿ ಮಾಡಿ. ಮೆಟಾ ಕೀಲಿ (ವಿಂಡೋಸ್ ಗುರುತಿರುವ ಕೀಲಿಯೇ) ಮತ್ತು 'ಕ್ಯೂ' ಒತ್ತಿದರೆ ಅವುಗಳ ಪಟ್ಟಿ ತೆರೆಯುತ್ತದೆ. ಆ ಬಳಿಕ ಡೆಸ್ಕ್‌ಟಾಪ್‌ಗಳ ಸಂಖ್ಯೆಯನ್ನು ಎಂಟರಿಂದ ಮೂರಕ್ಕೆ ಇಳಿಸಿ. ಪ್ರತಿ ಆಕ್ಟಿವಿಟಿಯೊಳಗೂ ಆ ಮೂರು ದೊರೆಯುತ್ತವೆ. ಡೆಸ್ಕ್‌ಟಾಪ್‌ಗಳ ಸಣ್ಣ ನಕ್ಷೆಯನ್ನು ತೋರಿಸುವ, ಪ್ಯಾನೆಲ್‌ನಲ್ಲಿರುವ ಪೇಜರ್ ವಿಜೆಟ್‌ನಲ್ಲಿ ಸಂಖ್ಯೆಯ ಬದಲು ಹೆಸರನ್ನು ತೋರಿಸುವ ಆಯ್ಕೆಯಿದೆ, ವಿಂಡೋಗಳ ರೇಖಾಕೃತಿಯ ಮೇಲೆ ತಂತ್ರಾಂಶದ ಗುರುತನ್ನು ತೋರಿಸುವ ಆಯ್ಕೆಯೂ ಇದೆ. 'ಆಕರ', 'ಬರವಣಿಗೆ', 'ಪತ್ರ' ಎಂದು ಹೆಸರಿಟ್ಟು ಎರಡನ್ನೂ ಚಾಲೂ ಮಾಡಿದರೆ, ದೀರ್ಘ ದಿನದ ಕೊನೆಯಲ್ಲಿ ದಣಿದ ಕಣ್ಣಿಗೂ ಯಾವುದು ಎಲ್ಲಿದೆ ಎಂದು ತಿಳಿಯುತ್ತದೆ.

ಪ್ರಶ್ನೆ: ಎರಡು ಮಾನಿಟರ್‌ಗಳಿವೆ. ಒಂದರಲ್ಲಿ ಕೆಲಸ ಬದಲಾಯಿಸಿದರೆ ಇನ್ನೊಂದೂ ಬದಲಾಗುತ್ತದೆ. ಒಂದನ್ನು ಸ್ಥಿರವಾಗಿಡಬಹುದೇ?

ಉತ್ತರ: ಅದು ನೀವು ಬಳಸುವ ವ್ಯವಸ್ಥೆಯನ್ನು ಅವಲಂಬಿಸಿದೆ. ವಿಂಡೋಸ್‌ನಲ್ಲಿ ಒಂದು ಡೆಸ್ಕ್‌ಟಾಪ್ ಎಂದರೆ ಎರಡೂ ಮಾನಿಟರ್‌ಗಳು ಸೇರಿ. ಎರಡೂ ಒಟ್ಟಿಗೆ ಬದಲಾಗುತ್ತವೆ. ಅಲ್ಲಿ ಸ್ಥಿರವಾಗಿರಬೇಕಾದ ವಿಂಡೋವನ್ನು, ಅನುವಾದಕಿಗೆ ಹೇಳಿದಂತೆ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ತೋರಿಸುವುದೇ ದಾರಿ. ಗ್ನೋಮ್ ಇದಕ್ಕೆ ವಿರುದ್ಧವಾಗಿ ಮುಖ್ಯ ಮಾನಿಟರಿನಲ್ಲಿ ಮಾತ್ರ ವರ್ಕ್‌ಸ್ಪೇಸ್ ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಡುತ್ತದೆ. ಬೇಕಾದರೆ ಎರಡಕ್ಕೂ ಅನ್ವಯಿಸಲು ಮಲ್ಟಿಟಾಸ್ಕಿಂಗ್ ಪುಟದಲ್ಲಿ ಆಯ್ಕೆಯಿದೆ. ಮ್ಯಾಕ್ ಪ್ರತಿ ಪರದೆಗೂ ಪ್ರತ್ಯೇಕ ಸ್ಪೇಸ್‌ಗಳನ್ನು ಕೊಡುತ್ತದೆ, ಮತ್ತು ಈ ಆಯ್ಕೆಯನ್ನು ಬದಲಿಸಿದರೆ ಒಮ್ಮೆ ಲಾಗ್‌ಔಟ್ ಮಾಡಿ ಬರಬೇಕು. ಐತ್ರಿಯಲ್ಲಿಯೂ ಪ್ರತಿ ಮಾನಿಟರಿಗೆ ತನ್ನದೇ ವರ್ಕ್‌ಸ್ಪೇಸ್‌ಗಳು.

ಯಾವುದು ಒಳ್ಳೆಯದು ಎಂಬುದಕ್ಕೆ ನಿಮ್ಮ ಎರಡನೆಯ ಮಾನಿಟರ್ ಯಾವ ಕೆಲಸಕ್ಕಿದೆ ಎಂಬುದೇ ಉತ್ತರ. ಅದರಲ್ಲಿ ಸದಾ ಸಂದೇಶಗಳನ್ನೋ ಯಂತ್ರದ ಸ್ಥಿತಿಗತಿಯನ್ನೋ ನೋಡುತ್ತಿದ್ದರೆ ಅದು ಸ್ಥಿರವಾಗಿರಲಿ. ಎಡಗಡೆ ಆಕರ, ಬಲಗಡೆ ಬರಹ ಎಂಬಂತೆ ಎರಡೂ ಒಂದೇ ಕೆಲಸದ ಎರಡು ಪುಟಗಳಾಗಿದ್ದರೆ ಅವು ಒಟ್ಟಿಗೆ ಬದಲಾಗುವುದೇ ಹಿತ.

ಪ್ರಶ್ನೆ: ಗ್ರಾಹಕರ ದೂರುಗಳಿಗೆ ಉತ್ತರಿಸುವುದು ನನ್ನ ಕೆಲಸ. ಒಂದು ದೂರನ್ನು ನೋಡುತ್ತಿರುವಾಗಲೇ ಇನ್ನೊಂದು ಕರೆ ಬರುತ್ತದೆ, ಅದರ ನಡುವೆ ಮತ್ತೊಂದು. ಕೆಲಸವನ್ನು ಮೊದಲೇ ವಿಂಗಡಿಸಿಕೊಳ್ಳಿ ಎನ್ನುವ ಸಲಹೆ ನನ್ನಂಥವರಿಗೆ ಹೊಂದುವುದೇ?

ಉತ್ತರ: ಮೊದಲೇ ಹೆಸರಿಟ್ಟು ವಿಂಗಡಿಸುವುದು ನಿಮಗೆ ಹೊಂದುವುದಿಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಏನು ಬರುತ್ತದೆ ಎಂದು ಮೊದಲೇ ತಿಳಿಯದವರಿಗೆ ಸ್ಥಿರವಾದ ಹೆಸರುಗಳು ಹೊರೆಯಾಗುತ್ತವೆ. ತಂತ್ರಾಂಶ ಬರೆಯುವ ಓದುಗರಿಗೆ ನಾನು ಬೇಡವೆಂದ ಹುಟ್ಟಿ ಅಳಿಯುವ ವರ್ಕ್‌ಸ್ಪೇಸ್‌ಗಳೇ ನಿಮಗೆ ಸರಿಯಾದ ಸಾಧನ. ಪ್ರತಿ ಹೊಸ ದೂರಿಗೆ ಒಂದು ಹೊಸ ವರ್ಕ್‌ಸ್ಪೇಸ್ ತೆರೆಯಿರಿ. ದೂರು ಮುಗಿದಾಗ ಅದರ ವಿಂಡೋಗಳನ್ನೆಲ್ಲ ಮುಚ್ಚಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್ ಮತ್ತು 'ಡಿ' ಒತ್ತಿದರೆ ಹೊಸದು ತೆರೆಯುತ್ತದೆ. ಅದೇ ಎರಡು ಕೀಲಿಗಳೊಂದಿಗೆ ಎಫ್4 ಒತ್ತಿದರೆ ಈಗಿನದು ಮುಚ್ಚುತ್ತದೆ. ಮುಚ್ಚುವ ಮುನ್ನ ಒಂದು ಎಚ್ಚರಿಕೆ: ಡೆಸ್ಕ್‌ಟಾಪ್ ಮುಚ್ಚಿದ ಮಾತ್ರಕ್ಕೆ ಅದರೊಳಗಿನ ವಿಂಡೋಗಳು ಮುಚ್ಚುವುದಿಲ್ಲ, ಅವು ಪಕ್ಕದ ಡೆಸ್ಕ್‌ಟಾಪಿಗೆ ಸರಿಯುತ್ತವೆ. ಒಬ್ಬ ಗ್ರಾಹಕರ ಮಾಹಿತಿ ಇನ್ನೊಬ್ಬರ ದೂರಿನ ಪಕ್ಕದಲ್ಲಿ ಬಂದು ಕುಳಿತರೆ ತಪ್ಪು ಉತ್ತರ ಹೋಗುವ ಅಪಾಯವಿದೆ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕರೆ ಮುಗಿದ ಮೇಲೆ ಬಿಟ್ಟ ಜಾಗಕ್ಕೆ ಹಿಂತಿರುಗುವುದು. ಎಕ್ಸ್‌ಎಫ್‌ಸಿಇಯಲ್ಲಿ ಹಿಂದಿನ ವರ್ಕ್‌ಸ್ಪೇಸನ್ನು ನೆನಪಿಟ್ಟುಕೊಂಡು, ಅದೇ ಕೀಲಿಯನ್ನು ಮತ್ತೆ ಒತ್ತಿದಾಗ ಅಲ್ಲಿಗೆ ಮರಳಿಸುವ ಆಯ್ಕೆಯಿದೆ. ಐತ್ರಿಯಲ್ಲಿಯೂ ಸಂರಚನಾ ಕಡತದಲ್ಲಿ ಒಂದೇ ಸಾಲಿನಿಂದ ಇದನ್ನು ಪಡೆಯಬಹುದು. ಇಂಥ ಅನುಕೂಲವಿಲ್ಲದ ಕಡೆ, ಎಲ್ಲಿಗೆ ಬಂದು ನಿಂತಿದ್ದಿರಿ ಎಂದು ಎರಡು ಪದಗಳ ಟಿಪ್ಪಣಿಯನ್ನು ಆ ವರ್ಕ್‌ಸ್ಪೇಸಿನಲ್ಲಿಯೇ ತೆರೆದಿಟ್ಟು ಕರೆಯನ್ನು ಸ್ವೀಕರಿಸಿ. ವಿಂಡೋಗಳನ್ನು ಸಾಧನ ಕಾಯ್ದಿಡುತ್ತದೆ, ಆದರೆ ಅರ್ಧಕ್ಕೆ ನಿಂತ ಆಲೋಚನೆಯನ್ನು ಅದು ಕಾಯ್ದಿಡಲಾರದು.

ಪ್ರಶ್ನೆ: ನಾನು ಕಾದಂಬರಿ ಬರೆಯುತ್ತೇನೆ. ಒಂದೇ ಕಡತ, ಒಂದೇ ವಿಂಡೋ. ಎಲ್ಲರೂ ವರ್ಕ್‌ಸ್ಪೇಸ್ ಬಳಸಿ ಎನ್ನುತ್ತಾರೆ.

ಉತ್ತರ: ನಿಮಗೆ ಅದು ಬೇಡ. ಬರೆಯುವ ವಿಂಡೋವನ್ನು ಪೂರ್ಣಪರದೆಗೆ ಹಿಗ್ಗಿಸಿ, ಸೂಚನೆಗಳನ್ನು ಮೌನಗೊಳಿಸಿ ಬರೆಯಿರಿ.

ಪ್ರಶ್ನೆ: ಡೆಸ್ಕ್‌ಟಾಪ್‌ಗಳು ಹೆಚ್ಚಾದರೆ ಕಂಪ್ಯೂಟರ್ ನಿಧಾನವಾಗುತ್ತದೆಯೇ? ಮರುಚಾಲನೆ ಮಾಡಿದ ಮೇಲೆ ವ್ಯವಸ್ಥೆಯೆಲ್ಲ ಏಕೆ ಚದುರಿಹೋಗುತ್ತದೆ? ಆನ್‌ಲೈನ್ ಸಭೆಯಲ್ಲಿ ಪರದೆ ಹಂಚಿಕೊಂಡಾಗ ಬೇರೆ ಡೆಸ್ಕ್‌ಟಾಪಿನಲ್ಲಿರುವುದು ಇತರರಿಗೆ ಕಾಣುವುದೇ?

ಉತ್ತರ: ಮೊದಲನೆಯದಕ್ಕೆ ಉತ್ತರ ಚಿಕ್ಕದು. ಭಾರವಿರುವುದು ತೆರೆದ ತಂತ್ರಾಂಶಗಳಿಂದ. ಇಪ್ಪತ್ತು ವಿಂಡೋಗಳು ಒಂದೇ ಕಡೆ ಇದ್ದರೂ ನಾಲ್ಕು ಕಡೆ ಹಂಚಿದ್ದರೂ ಬಳಕೆಯಾಗುವ ಮೆಮೊರಿಯಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಆದರೆ ಕಣ್ಣಿಗೆ ಕಾಣದ ಕಾರಣ ಮುಚ್ಚಲು ಮರೆಯುವುದುಂಟು, ಅದರಿಂದ ನಿಧಾನವಾಗಬಹುದು.

ಮರುಚಾಲನೆಯ ಸಂಗತಿ ಸ್ವಲ್ಪ ಕಷ್ಟದ್ದು. ವಿಂಡೋಸ್ ನಿಮ್ಮ ಡೆಸ್ಕ್‌ಟಾಪ್‌ಗಳನ್ನೂ ಅವುಗಳ ಹೆಸರುಗಳನ್ನೂ ಉಳಿಸಿಕೊಳ್ಳುತ್ತದೆ, ಆದರೆ ಯಾವ ವಿಂಡೋ ಯಾವುದರಲ್ಲಿತ್ತು ಎಂದು ಮರಳಿ ಜೋಡಿಸಿಕೊಡುವುದಿಲ್ಲ. ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಸಂಗ್ರಹಕ್ಕೆ 2024ರಲ್ಲಿ ವರ್ಕ್‌ಸ್ಪೇಸಸ್ ಎಂಬ ಸಾಧನ ಸೇರಿದೆ. ತೆರೆದಿರುವ ತಂತ್ರಾಂಶಗಳನ್ನೂ ಪರದೆಯ ಮೇಲೆ ಅವುಗಳ ಸ್ಥಾನ, ಗಾತ್ರಗಳನ್ನೂ ಅದು ದಾಖಲಿಸಿಕೊಂಡು, ಬೇಕೆಂದಾಗ ಒಂದೇ ಕ್ಲಿಕ್‌ಗೆ ಹಾಗೆಯೇ ತೆರೆಯುತ್ತದೆ. ಬೇಕಾದ ಡೆಸ್ಕ್‌ಟಾಪಿಗೆ ಹೋಗಿ ಆಯಾ ದಾಖಲೆಯನ್ನು ಚಾಲೂ ಮಾಡಿಕೊಳ್ಳುವ ಅಭ್ಯಾಸ ಬೆಳೆಸಿಕೊಂಡರೆ ಬೆಳಗಿನ ಜೋಡಣೆ ಬಹಳ ಹಗುರವಾಗುತ್ತದೆ. ಅದೇ ಸಂಗ್ರಹದ ಫ್ಯಾನ್ಸಿಝೋನ್ಸ್‌ನಿಂದ ಪರದೆಯನ್ನು ನಿಮಗೆ ಬೇಕಾದ ಅಂಕಣಗಳಾಗಿ ವಿಭಜಿಸಿ, ಶಿಫ್ಟ್ ಒತ್ತಿಹಿಡಿದು ವಿಂಡೋವನ್ನು ಎಳೆದರೆ ಅದು ಅಂಕಣದೊಳಗೆ ಸರಿಯಾಗಿ ಕೂರುತ್ತದೆ. ಕೆಡಿಇಯಲ್ಲಿ ವಿಂಡೋ ನಿಯಮಗಳು, ಗ್ನೋಮ್‌ನಲ್ಲಿ ಆಟೋ ಮೂವ್ ವಿಂಡೋಸ್ ಎಂಬ ವಿಸ್ತರಣೆ, ಮ್ಯಾಕ್‌ನಲ್ಲಿ ತಂತ್ರಾಂಶವನ್ನು ಒಂದು ಸ್ಪೇಸಿಗೆ ನಿಗದಿಪಡಿಸುವ ಡಾಕ್‌ನ ಆಯ್ಕೆ ಇವೆಲ್ಲ ಇದೇ ಕೊರತೆಯನ್ನು ತುಂಬುತ್ತವೆ. ಆದರೆ ಇವು ಮುಖ್ಯವಾಗಿ ತಂತ್ರಾಂಶವನ್ನು ನೋಡಿ ಕಳುಹಿಸುತ್ತವೆಯೇ ಹೊರತು ಕೆಲಸವನ್ನು ನೋಡಿ ಅಲ್ಲ. ಆದ್ದರಿಂದ ಇಮೇಲ್, ಸಂದೇಶ ಇಂಥ ಒಂದೇ ನೆಲೆಯಿರುವ ತಂತ್ರಾಂಶಗಳಿಗೆ ಮಾತ್ರ ನಿಯಮ ಬರೆಯಿರಿ, ಬ್ರೌಸರಿಗೆ ಬರೆಯಬೇಡಿ.

ಮೂರನೆಯ ಪ್ರಶ್ನೆಯನ್ನು ಕೇಳಿದ್ದಕ್ಕೆ ಕೃತಜ್ಞತೆಗಳು. ಇಡೀ ಪರದೆಯನ್ನು ಹಂಚಿಕೊಂಡಿದ್ದರೆ ನೀವು ಯಾವ ಡೆಸ್ಕ್‌ಟಾಪಿಗೆ ಹೋಗುತ್ತೀರೋ ಅದು ಸಭೆಯಲ್ಲಿರುವ ಎಲ್ಲರಿಗೂ ಕಾಣುತ್ತದೆ. ವರ್ಕ್‌ಸ್ಪೇಸ್ ಮರೆಮಾಡುತ್ತದೆಯೇ ಹೊರತು ಬೀಗ ಹಾಕುವುದಿಲ್ಲ. ಸಭೆಯಲ್ಲಿ ಒಂದೇ ವಿಂಡೋವನ್ನು ಹಂಚಿಕೊಳ್ಳಿ. ಬೇರೆಯವರೂ ಬಳಸುವ ಕಂಪ್ಯೂಟರಿನಲ್ಲಿ ಗೋಪ್ಯ ಕೆಲಸಕ್ಕೆ ಪ್ರತ್ಯೇಕ ಬಳಕೆದಾರ ಖಾತೆಯನ್ನೇ ಮಾಡಿಕೊಳ್ಳಿ.

ಪ್ರಶ್ನೆ: ಡೆಸ್ಕ್‌ಟಾಪ್ ಬದಲಾಗುವಾಗ ಪರದೆ ಪಕ್ಕಕ್ಕೆ ಜಾರುವುದನ್ನು ನೋಡಿದರೆ ನನಗೆ ತಲೆ ಸುತ್ತುತ್ತದೆ. ಅದಕ್ಕಾಗಿಯೇ ಈ ಸೌಲಭ್ಯವನ್ನು ಬಿಟ್ಟುಬಿಟ್ಟೆ.

ಉತ್ತರ: ಬಿಡಬೇಕಾಗಿಲ್ಲ. ಚಲನೆಯನ್ನು ನೋಡಿದರೆ ತಲೆ ಸುತ್ತುವವರು ಅನೇಕರಿದ್ದಾರೆ, ಅವರಿಗಾಗಿಯೇ ಎಲ್ಲ ವ್ಯವಸ್ಥೆಗಳಲ್ಲಿ ಆಯ್ಕೆಗಳಿವೆ. ವಿಂಡೋಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗದ ದೃಶ್ಯ ಪರಿಣಾಮಗಳ ಪುಟಕ್ಕೆ ಹೋಗಿ ಅನಿಮೇಶನ್ ನಿಲ್ಲಿಸಿ. ಮ್ಯಾಕ್‌ನ ಆಕ್ಸೆಸಿಬಿಲಿಟಿಯಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆಯನ್ನು ಚಾಲೂ ಮಾಡಿದರೆ ಜಾರುವ ಬದಲು ಒಂದು ಮಸುಕಾಗಿ ಇನ್ನೊಂದು ಮೂಡುತ್ತದೆ. ಗ್ನೋಮ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿಯೂ ಅನಿಮೇಶನ್ ತಗ್ಗಿಸುವ ಆಯ್ಕೆಯಿದೆ. ಕೆಡಿಇಯಲ್ಲಿ ಡೆಸ್ಕ್‌ಟಾಪ್ ಬದಲಾವಣೆಯ ಪರಿಣಾಮವನ್ನು ಮಾತ್ರ ಬೇರೆಯಾಗಿ ಬದಲಿಸಬಹುದು ಅಥವಾ ತೆಗೆಯಬಹುದು.

ಆ ಜಾರುವಿಕೆಗೆ ಒಂದು ಉಪಯೋಗವಿತ್ತು ಎಂಬುದನ್ನು ಮಾತ್ರ ಗಮನದಲ್ಲಿಡಿ. ನೀವು ಎಡಕ್ಕೆ ಹೋದಿರೋ ಬಲಕ್ಕೆ ಹೋದಿರೋ ಎಂದು ಅದು ಹೇಳುತ್ತಿತ್ತು. ಅದನ್ನು ತೆಗೆದಾಗ ಪರದೆ ಥಟ್ಟನೆ ಬದಲಾಗಿ ದಿಕ್ಕು ತಪ್ಪಿದಂತಾಗಬಹುದು. ಆದ್ದರಿಂದ ಬೇರೊಂದು ಗುರುತನ್ನು ಇಟ್ಟುಕೊಳ್ಳಿ. ವಿಂಡೋಸ್ 11, ಮ್ಯಾಕ್ ಮತ್ತು ಎಕ್ಸ್‌ಎಫ್‌ಸಿಇಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬಣ್ಣದ, ಚಿತ್ರವಿಲ್ಲದ ಹಿನ್ನೆಲೆ ಸಾಕು. ಕೆಡಿಇಯ ವರ್ಚುವಲ್ ಡೆಸ್ಕ್‌ಟಾಪ್ ಪುಟದಲ್ಲಿ, ಬದಲಾದಾಗ ಹೊಸ ಡೆಸ್ಕ್‌ಟಾಪಿನ ಹೆಸರನ್ನು ಪರದೆಯ ಮೇಲೆ ತುಸು ಹೊತ್ತು ತೋರಿಸುವ ಆಯ್ಕೆಯನ್ನು ಚಾಲೂ ಮಾಡಿ, ಎಷ್ಟು ಹೊತ್ತು ತೋರಿಸಬೇಕೆಂಬುದನ್ನು ನಿಮ್ಮ ಕಣ್ಣಿಗೆ ಹಿತವಾಗುವಂತೆ ಹೊಂದಿಸಿ. ಮೊದಲ ವಾರ ಎರಡೇ ಡೆಸ್ಕ್‌ಟಾಪ್‌ಗಳಿಂದ ಆರಂಭಿಸಿ; ಮೂರನೆಯದು ಬೇಕೆಂದು ಕೆಲಸವೇ ಕೇಳಿದಾಗ ಸೇರಿಸಿಕೊಳ್ಳಿ.